ಮೂರನೆಯ ಮಾತ್ರೆ ಯಾವುದು?

(ಶಿವಮೊಗ್ಗದಲ್ಲಿ ಹಿರಿಯ ನಾಗರಿಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಾತು ಶುರುವಾಗುವ ಮೊದಲೇ ನಿಮ್ಮಲ್ಲಿ ಕೆಲವರು ಚೀಟಿಯಲ್ಲಿ ಪ್ರಶ್ನೆ ಬರೆದು ಕಳುಹಿಸಿದ್ದೀರಿ. ಒಟ್ಟು ಹದಿನಾಲ್ಕು ಚೀಟಿ. ಅವುಗಳಲ್ಲಿ ಐದರಲ್ಲಿ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಇದೆ. ಒಂದನ್ನು ಓದುತ್ತೇನೆ: "ರಾತ್ರಿ ಊಟವಾದ ಮೇಲೆ ಕೊಲೆಸ್ಟರಾಲ್ ಮಾತ್ರೆ ನುಂಗುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಇಪ್ಪತ್ತು ಸೀನು. ಸೆಟ್ರಿಜಿನ್ ತೆಗೆದುಕೊಂಡರೆ ಎರಡೂ ಹೊಟ್ಟೆಯೊಳಗೆ ಜಗಳವಾಡುವುದಿಲ್ಲವೇ?"

ಆಡುವುದಿಲ್ಲ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆ (ಈ ಗುಂಪಿಗೆ ಸ್ಟಾಟಿನ್ ಎನ್ನುತ್ತಾರೆ) ನುಂಗುವವರು ಸೆಟ್ರಿಜಿನ್, ಲೆವೊಸೆಟ್ರಿಜಿನ್, ಫೆಕ್ಸೊಫೆನಡಿನ್, ಲೊರಾಟಡಿನ್ ಎಂಬ ಅಲರ್ಜಿ ಮಾತ್ರೆಗಳಲ್ಲಿ ಯಾವುದನ್ನಾದರೂ ಸಾಮಾನ್ಯ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು. ಒಂದೇ ಲೋಟ ನೀರಿನಲ್ಲಿ ಎರಡನ್ನೂ ನುಂಗಿದರೂ ಅಡ್ಡಿಯಿಲ್ಲ. ಸೆಟ್ರಿಜಿನ್ ತೂಕಡಿಕೆ ತರುತ್ತದೆ, ಆದ್ದರಿಂದ ಅದಕ್ಕೂ ರಾತ್ರಿಯೇ ವಾಸಿ.

ಇಷ್ಟು ಹೇಳಿ ಕುಳಿತುಬಿಡಬಹುದಿತ್ತು. ಆದರೆ ನಾನು 22 ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವನು. ಅಲ್ಲಿ ಕಂಡದ್ದು ಏನೆಂದರೆ, ಜನ ಬಂದು ಎರಡು ಮಾತ್ರೆಯ ಬಗ್ಗೆ ಕೇಳುತ್ತಾರೆ. ಪೆಟ್ಟು ಕೊಡುವುದು ಅವರು ಹೇಳದೆ ಬಿಟ್ಟ ಮೂರನೆಯದು. ಆ ಮೂರನೆಯದನ್ನು ಹುಡುಕುವುದೇ ಈವತ್ತಿನ ಕೆಲಸ.

ಮೊದಲು ಇವೆರಡು ಏಕೆ ಜಗಳವಾಡುವುದಿಲ್ಲ ಎಂಬುದನ್ನು ನೋಡೋಣ. ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆಯಿಂದ ಡಬ್ಬಗಳ ಸಾಲು. ಒಬ್ಬರದು ರಾಗಿ, ಇನ್ನೊಬ್ಬರದು ಗೋಧಿ, ಮತ್ತೊಬ್ಬರದು ಸಾರಿನ ಪುಡಿ. ನಮ್ಮ ಯಕೃತ್ತು ಅಂಥ ಗಿರಣಿ. ನುಂಗಿದ ಬಹಳಷ್ಟು ಔಷಧಿಗಳನ್ನು ಒಡೆದು ಹೊರಗೆ ಸಾಗಿಸುವುದು ಅದರ ಪಾಲಿನ ದುಡಿಮೆ. ಬೀಸುವ ಕಲ್ಲುಗಳೇ ಕಿಣ್ವಗಳು. ಎಲ್ಲಕ್ಕಿಂತ ಹೆಚ್ಚು ದುಡಿಯುವ ಕಲ್ಲಿಗೆ ಸಿವೈಪಿ3ಎ4 ಎಂಬ ಬಾಯಿಗೆ ಬಾರದ ಹೆಸರಿದೆ. ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್, ಲೊವಾಸ್ಟಾಟಿನ್ ಬೀಸಿಸಿಕೊಳ್ಳುವುದು ಇದೇ ಕಲ್ಲಿನಲ್ಲಿ. ಯಾರಾದರೂ ಬಂದು ಕಲ್ಲು ತಿರುಗದಂತೆ ಮಾಡಿದರೆ ಡಬ್ಬಗಳು ಹಾಗೇ ಉಳಿಯುತ್ತವೆ. ಅಂದರೆ ಸ್ಟಾಟಿನ್ ರಕ್ತದಲ್ಲಿ ಏರುತ್ತಾ ಹೋಗುತ್ತದೆ. 10 ಮಿಲಿಗ್ರಾಂ ನುಂಗಿದವರ ಮೈ 30 ನುಂಗಿದಂತೆ ವರ್ತಿಸುತ್ತದೆ.

ಸೆಟ್ರಿಜಿನ್ ಈ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೇಗೆ ಒಳಗೆ ಹೋಯಿತೋ ಹಾಗೇ ಮೂತ್ರದಲ್ಲಿ ಹೊರಬೀಳುತ್ತದೆ. ಫೆಕ್ಸೊಫೆನಡಿನ್ ಕೂಡ ಹೆಚ್ಚಾಗಿ ಒಡೆಯದೆ ಹೊರಗೆ ಹೋಗುತ್ತದೆ. ಲೊರಾಟಡಿನ್ ಕಲ್ಲಿನ ಬಳಿಗೆ ಬರುತ್ತದೆ, ತನ್ನದನ್ನು ಬೀಸಿಸಿಕೊಂಡು ಹೊರಡುತ್ತದೆ. ಕಲ್ಲಿಗೆ ಅಡ್ಡ ಮಲಗುವುದಿಲ್ಲ. ರೊಸುವಾಸ್ಟಾಟಿನ್‌ಗಂತೂ ಈ ಕಲ್ಲಿನ ಹಂಗೇ ಅಷ್ಟಿಲ್ಲ.

ಸೆಟ್ರಿಜಿನ್ ಮೂತ್ರದ ದಾರಿ ಹಿಡಿಯುವುದರಿಂದ ಒಂದು ಎಚ್ಚರಿಕೆ ಮಾತ್ರ ಇದೆ. ಸಕ್ಕರೆ ಕಾಯಿಲೆ ಹಳೆಯದಾಗಿ ಮೂತ್ರಪಿಂಡ ಸೋತವರಿಗೆ 10 ಮಿಲಿಗ್ರಾಂ ಹೆಚ್ಚಾದೀತು, ವೈದ್ಯರು 5ಕ್ಕೆ ಇಳಿಸುತ್ತಾರೆ. "ಒಂದು ಮಾತ್ರೆಗೆ ಮಾರನೆಯ ಮಧ್ಯಾಹ್ನದವರೆಗೂ ಮಂಪರು" ಎನ್ನುವವರು ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆಯ ಚೀಟಿ ತೆಗೆದು ನೋಡಿಕೊಳ್ಳಬೇಕು.

ಅಲರ್ಜಿ ಮಾತ್ರೆಯ ಬಗ್ಗೆ ಜನರಿಗಿರುವ ಹೆದರಿಕೆ ಬರೀ ಭ್ರಮೆಯೂ ಅಲ್ಲ. ಅದಕ್ಕೊಂದು ಕಥೆಯಿದೆ. 1985ರಲ್ಲಿ ಅಮೆರಿಕದಲ್ಲಿ ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆ ಮಾರುಕಟ್ಟೆಗೆ ಬಂತು. ತೂಕಡಿಕೆ ಇಲ್ಲ ಎನ್ನುವುದೇ ಅದರ ಹೆಗ್ಗಳಿಕೆ. ಕೋಟಿಗಟ್ಟಲೆ ಜನ ನುಂಗಿದರು. 1990ರಲ್ಲಿ 39 ವರ್ಷದ ಒಬ್ಬ ಹೆಂಗಸಿನ ವಿವರ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಕೆ ಅಲರ್ಜಿಗೆ ಟರ್ಫೆನಡಿನ್ ತೆಗೆದುಕೊಳ್ಳುತ್ತಿದ್ದರು, ಜೊತೆಗೆ ಶಿಲೀಂಧ್ರದ ಸೋಂಕಿಗೆ ಕೀಟೊಕೊನಜೋಲ್ ಸೇರಿತು. ಎದೆಬಡಿತದ ತಾಳ ತಪ್ಪಿ ಪ್ರಜ್ಞೆ ತಪ್ಪತೊಡಗಿತು. ಆದದ್ದು ಇಷ್ಟು: ಟರ್ಫೆನಡಿನ್ ಬೀಸಿಸಿಕೊಳ್ಳುತ್ತಿದ್ದುದು ಅದೇ ಸಿವೈಪಿ3ಎ4 ಕಲ್ಲಿನಲ್ಲಿ. ಕೀಟೊಕೊನಜೋಲ್ ಆ ಕಲ್ಲನ್ನು ನಿಲ್ಲಿಸಿಬಿಟ್ಟಿತು. ಒಡೆಯದೆ ಉಳಿದ ಮಾತ್ರೆ ಹೃದಯಕ್ಕೆ ವಿಷವಾಯಿತು. ಎರಿತ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಜೊತೆಗೂ ಇದೇ ಆಯಿತು. 1998ರಲ್ಲಿ ಟರ್ಫೆನಡಿನ್ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು, ಮರುವರ್ಷ ಅದರ ದಾಯಾದಿಯಂತಿದ್ದ ಅಸ್ಟೆಮಿಜೋಲ್ ಕೂಡ.

ಕಥೆಯ ಬಾಲ ಇನ್ನೂ ಚೆನ್ನಾಗಿದೆ. ಟರ್ಫೆನಡಿನ್ ಸರಿಯಾಗಿ ಬೀಸಲ್ಪಟ್ಟರೆ ಸಿಗುವ ಹಿಟ್ಟು ಯಾವುದು ಗೊತ್ತೇ? ಫೆಕ್ಸೊಫೆನಡಿನ್. ಅಲರ್ಜಿ ನಿಲ್ಲಿಸುವ ಗುಣವೆಲ್ಲ ಅದರಲ್ಲೇ ಇತ್ತು, ಹೃದಯದ ತಂಟೆಗೆ ಅದು ಹೋಗುತ್ತಿರಲಿಲ್ಲ. ಹಾಗಾದರೆ ಹಿಟ್ಟನ್ನೇ ಮಾರೋಣ ಎಂದರು. ಇಂದು ನಿಮ್ಮಲ್ಲಿ ಹಲವರ ಮನೆಯ ಡಬ್ಬಿಯಲ್ಲಿರುವ ತಿಳಿಗುಲಾಬಿ ಮಾತ್ರೆಯ ಹುಟ್ಟು ಅದು.

ಆ ಫೆಕ್ಸೊಫೆನಡಿನ್‌ಗೆ ಒಂದು ವಿಚಿತ್ರ ಸ್ವಭಾವವಿದೆ. ಕಿತ್ತಳೆ, ಸೇಬು, ಗ್ರೇಪ್‌ಫ್ರೂಟ್ ರಸದ ಜೊತೆ ನುಂಗಿದರೆ ಮೈಗೆ ಹತ್ತುವುದೇ ಕಡಿಮೆ. ಮಾತ್ರೆಯನ್ನು ಕರುಳಿನಿಂದ ಒಳಗೆ ಎಳೆದುಕೊಳ್ಳುವ ಬಾಗಿಲನ್ನು ಹಣ್ಣಿನ ರಸ ಮುಚ್ಚುತ್ತದೆ. ಅದೇ ಗ್ರೇಪ್‌ಫ್ರೂಟ್ ಸ್ಟಾಟಿನ್ ವಿಷಯದಲ್ಲಿ ತದ್ವಿರುದ್ಧ: ಕರುಳಿನಲ್ಲಿರುವ ಸಿವೈಪಿ3ಎ4 ಕಲ್ಲನ್ನು ಕೆಡಿಸಿ ಮಾತ್ರೆಯ ಮಟ್ಟವನ್ನು ಏರಿಸುತ್ತದೆ. ಒಂದೇ ಹಣ್ಣು ಒಂದು ಮಾತ್ರೆಯನ್ನು ಸೊರಗಿಸುತ್ತದೆ, ಇನ್ನೊಂದನ್ನು ಕೊಬ್ಬಿಸುತ್ತದೆ.

"ಆ ಹಣ್ಣು ನಮ್ಮ ಕಡೆ ಎಲ್ಲಿದೆ?" ಎಂದು ನೀವು ಕೇಳುತ್ತೀರಿ. ಗ್ರೇಪ್‌ಫ್ರೂಟ್ ಎನ್ನುವುದು ಚಕ್ಕೋತಕ್ಕೂ ಸಿಹಿ ಕಿತ್ತಳೆಗೂ ಹುಟ್ಟಿದ ಕೂಸು. ಭೌಗೋಳಿಕ ಸೂಚಕ ಪಡೆದ ದೇವನಹಳ್ಳಿ ಚಕ್ಕೋತ ಅದರ ತಾಯಿಯ ಕಡೆಯ ನೆಂಟ. ಕಲ್ಲು ಕೆಡಿಸುವ ಅಂಶ ಚಕ್ಕೋತದಲ್ಲಿಯೂ ಇರುತ್ತದೆ, ತಳಿಯಿಂದ ತಳಿಗೆ ಹೆಚ್ಚು ಕಡಿಮೆ. ಹಾಗೆಂದು ಗಾಬರಿ ಬೇಡ. ಅಟೊರ್ವಾಸ್ಟಾಟಿನ್ ತಯಾರಕರ ಎಚ್ಚರಿಕೆ ಇರುವುದು ದಿನಕ್ಕೆ ಒಂದು ಲೀಟರಿಗೂ ಹೆಚ್ಚು ಗ್ರೇಪ್‌ಫ್ರೂಟ್ ರಸ ಕುಡಿಯುವವರಿಗೆ. ಹಬ್ಬದಲ್ಲಿ ನಾಲ್ಕು ತೊಳೆ ಚಕ್ಕೋತ ತಿಂದವರನ್ನು ಯಾರೂ ಹೆದರಿಸಬೇಕಿಲ್ಲ. ಸಿಮ್ವಾಸ್ಟಾಟಿನ್ ನುಂಗುವವರು ಮಾತ್ರ ದಿನಾ ತಿನ್ನುವ ಅಭ್ಯಾಸ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ಫೆಕ್ಸೊಫೆನಡಿನ್ ಅನ್ನು ನೀರಿನಲ್ಲೇ ನುಂಗಿ. ಹುಳಿತೇಗಿಗೆ ಕುಡಿಯುವ ಬಿಳಿ ಔಷಧಿಯನ್ನೂ ಅದರ ಜೊತೆಗೆ ಕುಡಿಯಬೇಡಿ. ಎರಡು ಗಂಟೆ ಬಿಡುವು ಕೊಡಿ.

ಈಗ ಮೂರನೆಯ ಮಾತ್ರೆಗೆ ಬರುತ್ತೇನೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂಕೋಚವಿದೆ, ಏಕೆಂದರೆ ಕಥೆಯಲ್ಲಿ ನಾನೂ ಇದ್ದೇನೆ.

ನಿವೃತ್ತ ದೈಹಿಕ ಶಿಕ್ಷಕರೊಬ್ಬರು ನಮ್ಮ ಅಂಗಡಿಗೆ ಬರುತ್ತಿದ್ದರು. ಹೃದಯದ ಚಿಕಿತ್ಸೆಯಾಗಿತ್ತು, ಅಟೊರ್ವಾಸ್ಟಾಟಿನ್ 40 ನಡೆಯುತ್ತಿತ್ತು. ಆ ವರ್ಷದ ಮಳೆಗಾಲ ನಿಮಗೆ ಗೊತ್ತಿರುವಂಥದ್ದೇ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ತೊಡೆಸಂದಿಯಲ್ಲಿ ನವೆ ಶುರುವಾಯಿತು. "ಅಲರ್ಜಿ ಇರಬೇಕು, ಒಂದು ಸೆಟ್ರಿಜಿನ್ ಕೊಡಪ್ಪ" ಎಂದರು. ಕೊಟ್ಟೆ. ಹತ್ತು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ಕೊಟ್ಟೆ. ನವೆ ರಾತ್ರಿ ಸ್ವಲ್ಪ ತಗ್ಗುತ್ತಿತ್ತು, ನಿದ್ದೆ ಬರುತ್ತಿತ್ತಲ್ಲ. ಚರ್ಮದ ಮೇಲೆ ಎದ್ದ ಉಂಗುರದಂಥ ಕಲೆ ಮಾತ್ರ ದೊಡ್ಡದಾಗುತ್ತಾ ಹೋಯಿತು. ಅದು ಅಲರ್ಜಿಯಾಗಿರಲಿಲ್ಲ, ಗಜಕರ್ಣ. ಹುಳುಕಡ್ಡಿ ಎನ್ನುತ್ತೀರಲ್ಲ, ಅದೇ. ಶಿಲೀಂಧ್ರದ ಸೋಂಕಿಗೆ ಸೆಟ್ರಿಜಿನ್ ಎಷ್ಟು ನುಂಗಿದರೂ ಮೂಲ ಹೋಗುವುದಿಲ್ಲ.

ಕೊನೆಗೆ ಚರ್ಮದ ವೈದ್ಯರ ಬಳಿ ಹೋದರು. ಅವರು ಇಟ್ರಕೊನಜೋಲ್ ಕ್ಯಾಪ್ಸೂಲ್ ಬರೆದರು, ನಾಲ್ಕು ವಾರಕ್ಕೆ. "ಬೇರೆ ಏನಾದರೂ ಔಷಧಿ ನಡೆಯುತ್ತಿದೆಯೇ?" ಎಂದು ವೈದ್ಯರು ಕೇಳಿದ್ದರಂತೆ. ಮೇಷ್ಟರು ಹೇಳಿದ್ದು, "ಅಲರ್ಜಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ." ಕೊಲೆಸ್ಟರಾಲ್ ಮಾತ್ರೆಯ ಹೆಸರು ಬಾಯಿಗೆ ಬರಲೇ ಇಲ್ಲ. ಅದು ವರ್ಷಗಳಿಂದ ನಡೆದುಬಂದದ್ದು, ಊಟದ ಉಪ್ಪಿನಕಾಯಿಯ ಹಾಗೆ. ಅದನ್ನು ಔಷಧಿ ಎಂದೇ ಅವರು ಎಣಿಸುತ್ತಿರಲಿಲ್ಲ.

ಇಟ್ರಕೊನಜೋಲ್ ಆ ಕೀಟೊಕೊನಜೋಲ್ ಮನೆತನದ್ದೇ. ಸಿವೈಪಿ3ಎ4 ಕಲ್ಲನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತದೆ. ಅದರ ಜೊತೆ ನುಂಗಿದರೆ ರಕ್ತದಲ್ಲಿ ಅಟೊರ್ವಾಸ್ಟಾಟಿನ್ ಪ್ರಮಾಣ ಸುಮಾರು ಮೂರು ಪಟ್ಟು ಆಗುತ್ತದೆ, ಸಿಮ್ವಾಸ್ಟಾಟಿನ್ ಆದರೆ ಹತ್ತು ಪಟ್ಟಿಗೂ ಮೀರುತ್ತದೆ. ಮೂರನೆಯ ವಾರ ಮೇಷ್ಟರಿಗೆ ತೊಡೆ ನೋವು ಬಂತು. ಮೊದಲು ನಡಿಗೆ ಹೆಚ್ಚಾಯಿತು ಎಂದುಕೊಂಡರು. ಆಮೇಲೆ ದೇವರ ಮನೆಯ ಮಣೆಯಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಒಂದು ಬೆಳಿಗ್ಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅವರ ಹೆಂಡತಿ ನನಗೆ ಫೋನು ಮಾಡಿದರು. ಪುಣ್ಯಕ್ಕೆ ಅಂದು ನನ್ನ ತಲೆ ಓಡಿತು. ಎರಡನ್ನೂ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ ಎಂದೆ. ಸ್ನಾಯುಗಳು ಒಡೆದು ಅದರೊಳಗಿನ ಬಣ್ಣ ಮೂತ್ರಕ್ಕೆ ಇಳಿಯುವ ಸ್ಥಿತಿ ಅದು. ತಡಮಾಡಿದರೆ ಮೂತ್ರಪಿಂಡ ಕೈಕೊಡುತ್ತದೆ. ಸ್ನಾಯು ಒಡೆದದ್ದನ್ನು ತೋರಿಸುವ ಸಿಕೆ ಎಂಬ ರಕ್ತಪರೀಕ್ಷೆಯಲ್ಲಿ ಅಂಕಿ ಸಾವಿರಗಳಲ್ಲಿತ್ತು. ನಾಲ್ಕು ದಿನ ಡ್ರಿಪ್ ಹಾಕಿ, ಉಳಿಸಿಕೊಂಡರು.

ಇಟ್ರಕೊನಜೋಲ್ ಬೇಕೇ ಬೇಕಾದರೆ ದಾರಿಯಿಲ್ಲವೆಂದಲ್ಲ. ವೈದ್ಯರಿಗೆ ಗೊತ್ತಿದ್ದರೆ ಅಷ್ಟು ದಿನ ಸ್ಟಾಟಿನ್ ನಿಲ್ಲಿಸಿಯಾರು, ಇಲ್ಲವೇ ಪ್ರಮಾಣ ಇಳಿಸಿಯಾರು, ಅಥವಾ ಈ ಕಲ್ಲಿಗೆ ಹೋಗದ ಬೇರೆ ಸ್ಟಾಟಿನ್ ಕೊಟ್ಟಾರು. ಇಟ್ರಕೊನಜೋಲ್ ಮುಗಿದ ಮೇಲೂ ಅದರ ಪ್ರಭಾವ ಕೆಲವು ದಿನ ಉಳಿಯುವುದರಿಂದ ಮರುದಿನವೇ ಹಳೆಯ ಪ್ರಮಾಣಕ್ಕೆ ಹಾರುವ ಹಾಗಿಲ್ಲ. ಇವೆಲ್ಲ ವೈದ್ಯರು ಲೆಕ್ಕ ಹಾಕುವ ಸಂಗತಿ. ಲೆಕ್ಕ ಹಾಕಲು ಅವರಿಗೆ ಹೆಸರು ಸಿಗಬೇಕು. ಸೈನಸ್ ಕೆಟ್ಟಾಗ ಬರೆಯುವ ಕ್ಲಾರಿತ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೂಡ ಇದೇ ಜಾತಿಯ ತೊಂದರೆ ಮಾಡುತ್ತದೆ, ಅಜಿತ್ರೊಮೈಸಿನ್ ಅಷ್ಟು ಮಾಡುವುದಿಲ್ಲ.

ಒಂದು ಅಡ್ಡ ಮಾತು. ಸ್ಟಾಟಿನ್ ಹುಟ್ಟಿದ್ದೇ ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಆರು ಸಾವಿರ ಬಗೆಯ ಸೂಕ್ಷ್ಮಜೀವಿಗಳನ್ನು ಜಾಲಾಡಿ, 1973ರ ಹೊತ್ತಿಗೆ ಒಂದು ನೀಲಿ ಹಸಿರು ಬೂಷ್ಟಿನಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ತಡೆಯುವ ವಸ್ತು ಕಂಡುಕೊಂಡರು. ಈ ಬೂಷ್ಟಿನ ಮಗುವಿಗೆ ಬೂಷ್ಟು ಕೊಲ್ಲುವ ಮಾತ್ರೆಯೇ ಕಂಟಕವಾಗುವುದು ನನಗೆ ಯಾವಾಗಲೂ ಸೋಜಿಗ. ಮುಂದೆ ಹೋಗೋಣ.

ಇನ್ನೊಂದು ಮೂರನೆಯ ಮಾತ್ರೆ ಹೊರಗಿನಿಂದ ಬರುವುದಿಲ್ಲ, ಅಲರ್ಜಿ ಮಾತ್ರೆಯ ಒಳಗೇ ಕುಳಿತಿರುತ್ತದೆ. "ನೆಗಡಿ ಮಾತ್ರೆ" ಎಂದು ಕೇಳಿ ಪಡೆಯುವ ಸ್ಟ್ರಿಪ್ಪಿನ ಹಿಂಬದಿ ಓದಿ. ಅಕ್ಷರ ಸಣ್ಣದು, ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಪ್ಯಾರಾಸಿಟಮಾಲ್, ಸೆಟ್ರಿಜಿನ್ ಇಲ್ಲವೇ ಕ್ಲೋರ್‌ಫೆನಿರಮೈನ್, ಅವುಗಳ ಜೊತೆ ಫಿನೈಲೆಫ್ರಿನ್ ಎಂದು ಇದ್ದರೆ ಅಲ್ಲೇ ನಿಲ್ಲಿ. ಊದಿದ ಮೂಗಿನ ರಕ್ತನಾಳವನ್ನು ಬಿಗಿದು ಉಸಿರು ಬಿಡಿಸುವುದು ಅದರ ಕೆಲಸ. ಆದರೆ ಅದಕ್ಕೆ ಮೂಗು ಯಾವುದು, ಬೇರೆ ಅಂಗ ಯಾವುದು ಎಂಬ ಭೇದವಿಲ್ಲ. ರಕ್ತದೊತ್ತಡ ಏರಬಹುದು, ಎದೆ ಹೊಡೆದುಕೊಳ್ಳಬಹುದು. ಸ್ಟಾಟಿನ್ ಜೊತೆ ಅದಕ್ಕೇನೂ ಹಗೆತನವಿಲ್ಲ. ಆದರೆ ಸ್ಟಾಟಿನ್ ನುಂಗುವವರು ಯಾರು? ಬಿಪಿ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು. ಮಾತ್ರೆಗೆ ಆಗಿಬರುತ್ತದೆ, ಮನುಷ್ಯನಿಗೆ ಆಗಿಬರುವುದಿಲ್ಲ. ಕ್ಲೋರ್‌ಫೆನಿರಮೈನ್, ಫೆನಿರಮೈನ್‌ನಂಥ ಹಳೆಯ ಕಾಲದ ಅಲರ್ಜಿ ಮಾತ್ರೆಗಳೂ ಎಪ್ಪತ್ತು ದಾಟಿದವರಿಗೆ ಒಳ್ಳೆಯವಲ್ಲ. ಪ್ರೋಸ್ಟೇಟ್ ಊದಿದ್ದರೆ ಮೂತ್ರ ಕಟ್ಟುತ್ತದೆ, ರಾತ್ರಿ ಬಚ್ಚಲಿಗೆ ಎದ್ದಾಗ ಕಾಲು ತಡವರಿಸುತ್ತದೆ.

ಕಾಂಗ್ರೆಸ್ ಗಿಡ ಹೂ ಬಿಡುವ ಹೊತ್ತಿಗೆ ಮಾತ್ರ ಮೂಗು ಸೋರುವವರು ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಸ್ಪ್ರೇ ಬಗ್ಗೆ ವೈದ್ಯರನ್ನು ಕೇಳಿ. ಔಷಧಿ ಬೇಕಾದ ಕಡೆಯೇ ಬೀಳುತ್ತದೆ. ಲೆವೊಸೆಟ್ರಿಜಿನ್ ಜೊತೆ ಮಾಂಟೆಲುಕಾಸ್ಟ್ ಸೇರಿಸಿದ ಮಾತ್ರೆ ನಮ್ಮಲ್ಲಿ ಕಡಲೆಪುರಿಯಂತೆ ಖರ್ಚಾಗುತ್ತದೆ. ಸ್ಟಾಟಿನ್ ಜೊತೆ ಅದಕ್ಕೂ ಜಗಳವಿಲ್ಲ. ಆದರೆ ಕೆಟ್ಟ ಕನಸು, ಸಿಡುಕು, ಮನಸ್ಸು ಕುಗ್ಗುವುದು ಕಂಡರೆ ನಿಲ್ಲಿಸಿ ವೈದ್ಯರಿಗೆ ಹೇಳಬೇಕು. 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಮಾಂಟೆಲುಕಾಸ್ಟ್ ಮೇಲೆ ತಮ್ಮ ಅತಿ ಕಟುವಾದ ಎಚ್ಚರಿಕೆ ಹಾಕಿದ್ದು ಇದೇ ಕಾರಣಕ್ಕೆ.

ಇನ್ನು ಕೆಮ್ಮು. ಮುಂದಿನ ಸಾಲಿನಲ್ಲಿ ಕುಳಿತವರೊಬ್ಬರು ಆಗಿನಿಂದ ಒಣಕೆಮ್ಮು ಕೆಮ್ಮುತ್ತಿದ್ದಾರೆ. ಸಾರ್, ತಪ್ಪು ತಿಳಿಯಬೇಡಿ, ನೀವು ಬಿಪಿಗೆ ಏನು ತೆಗೆದುಕೊಳ್ಳುತ್ತೀರಿ? ರ‍್ಯಾಮಿಪ್ರಿಲ್. ಅಂದುಕೊಂಡೆ. ರ‍್ಯಾಮಿಪ್ರಿಲ್, ಎನಲಾಪ್ರಿಲ್ ಗುಂಪಿನ ಮಾತ್ರೆಗಳು ನೂರರಲ್ಲಿ ಐದರಿಂದ ಇಪ್ಪತ್ತು ಜನರಿಗೆ ಒಣಕೆಮ್ಮು ತರುತ್ತವೆ. ಕಫ ಇಲ್ಲ, ಜ್ವರ ಇಲ್ಲ, ಗಂಟಲಿನಲ್ಲಿ ಗರಿಕೆ ಸಿಕ್ಕಿದಂತೆ ಕೆರೆತ. "ಅಲರ್ಜಿ ಕೆಮ್ಮು" ಎಂದು ಜನ ತಿಂಗಳುಗಟ್ಟಲೆ ಅಲರ್ಜಿ ಮಾತ್ರೆ ನುಂಗುತ್ತಾರೆ. ಫಲವಿಲ್ಲ, ಏಕೆಂದರೆ ಅಲ್ಲಿ ಕೆರಳಿರುವುದು ಅಲರ್ಜಿ ಮಾತ್ರೆ ತಡೆಯುವ ಹಿಸ್ಟಮಿನ್ ಅಲ್ಲ, ಬ್ರ್ಯಾಡಿಕೈನಿನ್ ಎಂಬ ಬೇರೆ ವಸ್ತು. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಕೆಮ್ಮು ಇಳಿಯುತ್ತದೆ. ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ, ಬರೆದ ವೈದ್ಯರಲ್ಲಿಗೆ ಹೋಗಿ. ಇದೇ ಗುಂಪಿನ ಮಾತ್ರೆಯಿಂದ ಅಪರೂಪಕ್ಕೆ ತುಟಿ, ನಾಲಿಗೆ ಊದುತ್ತದೆ. ಆಗ ಸೆಟ್ರಿಜಿನ್ ನುಂಗಿ ಕಾಯುತ್ತಾ ಕೂರಬಾರದು, ಆಸ್ಪತ್ರೆಗೆ ಓಡಬೇಕು.

ಹಾಗೆಯೇ, ಹೊಸದಾಗಿ ಸ್ಟಾಟಿನ್ ಶುರುಮಾಡಿದ ವಾರವೇ ಮೈಮೇಲೆ ಪಿತ್ತಗಂಧೆ ಎದ್ದರೆ ಅದನ್ನು ಅಲರ್ಜಿ ಮಾತ್ರೆಯಿಂದ ಮುಚ್ಚಿಡಬೇಡಿ, ತಿಳಿಸಿ.

ಇಷ್ಟೆಲ್ಲ ಕೇಳಿ ಇಂದು ರಾತ್ರಿ ಸ್ಟಾಟಿನ್ ಬಿಟ್ಟುಬಿಡೋಣ ಎಂದು ಯಾರಿಗಾದರೂ ಅನಿಸುತ್ತಿದ್ದರೆ, ನನ್ನ ಮಾತು ಕೆಟ್ಟಿತು ಎಂದೇ ಅರ್ಥ. ಒಬ್ಬ ತಾಯಿ ನನಗೆ ಹೇಳಿದ್ದರು, "ಶೀತದ ಮಾತ್ರೆ ನಡೆಯುವಾಗ ಕೊಲೆಸ್ಟರಾಲ್‌ದು ನಿಲ್ಲಿಸುತ್ತೇನೆ, ಎರಡೆರಡು ಯಾಕೆ ಅಂತ." ವಿಚಾರಿಸಿದರೆ ಅವರ ಶೀತ ನವೆಂಬರಿನಿಂದ ಫೆಬ್ರವರಿವರೆಗೆ. ನಾಲ್ಕು ತಿಂಗಳು! ಅಪಾಯವಿಲ್ಲದ ಜೋಡಿಗೆ ಹೆದರಿ ಹೃದಯವನ್ನು ಬಯಲಿಗೆ ಬಿಟ್ಟಿದ್ದರು.

ಸ್ಟಾಟಿನ್ ನುಂಗಿದರೆ ಮೈಕೈ ನೋವು ಎಂಬ ಮಾತಿನ ಬಗ್ಗೆ ಒಂದು ಸೊಗಸಾದ ಪ್ರಯೋಗ ಬ್ರಿಟನ್ನಿನಲ್ಲಿ ನಡೆಯಿತು, 2020ರಲ್ಲಿ ಪ್ರಕಟವಾಯಿತು. ತೊಂದರೆಯಾಗುತ್ತದೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರನ್ನು ಸೇರಿಸಿದರು. ಒಬ್ಬೊಬ್ಬರಿಗೂ ವರ್ಷಕ್ಕೆ ಹನ್ನೆರಡು ಬಾಟಲಿ, ತಿಂಗಳಿಗೊಂದು. ನಾಲ್ಕರಲ್ಲಿ ಅಟೊರ್ವಾಸ್ಟಾಟಿನ್ 20, ನಾಲ್ಕರಲ್ಲಿ ಅದರಂತೆಯೇ ಕಾಣುವ ಸತ್ವವಿಲ್ಲದ ಮಾತ್ರೆ, ನಾಲ್ಕು ಖಾಲಿ. ದಿನವೂ ತೊಂದರೆ ಎಷ್ಟೆಂದು ಮೊಬೈಲಿನಲ್ಲಿ ಅಂಕ ಹಾಕಬೇಕು. ಖಾಲಿ ಬಾಟಲಿಯ ತಿಂಗಳು ಜನ ಹಾಯಾಗಿದ್ದರು. ಸ್ಟಾಟಿನ್ ತಿಂಗಳಲ್ಲಿ ನೋವು ಏರಿತು, ಸತ್ವವಿಲ್ಲದ ಮಾತ್ರೆಯ ತಿಂಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಏರಿತು. ಲೆಕ್ಕ ಹಾಕಿದರೆ ನೂರರಲ್ಲಿ ತೊಂಬತ್ತು ಪಾಲು ತೊಂದರೆ ಮಾತ್ರೆ ನುಂಗಿದೆನೆಂಬ ಭಾವದ್ದು. ನೋವು ಸುಳ್ಳಲ್ಲ, ನಿಜವಾಗಿಯೇ ಆಗುತ್ತದೆ. ಕಾರಣ ಬೇರೆ. ಫಲಿತಾಂಶ ತೋರಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರುಮಾಡಿದರು.

ಹಾಗಾದರೆ ಮೇಷ್ಟರ ತೊಡೆ ನೋವನ್ನೂ ಭಾವ ಎನ್ನಬೇಕೇ? ಇಲ್ಲ. ಅಲ್ಲಿ ಹೊಸ ಮಾತ್ರೆಯೊಂದು ಸೇರಿತ್ತು, ಎರಡೂ ಕಾಲಿನಲ್ಲಿ ನೋವು ದಿನದಿನಕ್ಕೆ ಏರುತ್ತಿತ್ತು, ಬಲವೂ ಕುಂದಿತ್ತು. ವರ್ಷದಿಂದ ಇರುವ ಮಂಡಿನೋವಿಗೂ ಇದಕ್ಕೂ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಮೂತ್ರದ ಬಣ್ಣ ಕಪ್ಪಾದರಂತೂ ಬೆಳಗಾಗುವವರೆಗೆ ಕಾಯುವ ಮಾತೇ ಇಲ್ಲ.

ಕೊನೆಯ ಚೀಟಿ ಪ್ರಶ್ನೆಯೇ ಅಲ್ಲ. ಮೂರನೆಯ ಸಾಲಿನ ಅಜ್ಜಿ ಚೀಟಿಯ ಜೊತೆ ಒಂದು ಪುಟ್ಟ ಪರ್ಸನ್ನೇ ಕಳುಹಿಸಿದ್ದಾರೆ, "ಇದರಲ್ಲಿ ಯಾವುದು ಯಾವುದು ನೋಡಿ ಹೇಳಪ್ಪ" ಎಂದು. ತೆರೆದು ನೋಡಿದೆ. ಸ್ಟ್ರಿಪ್ಪಿನಿಂದ ಕತ್ತರಿಸಿದ ಏಳು ತುಂಡುಗಳಿವೆ. ಎರಡರ ಮೇಲೆ "ಸ್ಟಾಟಿನ್" ಎಂಬ ಬಾಲ ಉಳಿದಿದೆ, ತಲೆ ಯಾರದೋ ಬೇರೆ ತುಂಡಿನ ಜೊತೆ ಹೋಗಿದೆ. ಅದು ಅಟೊರ್ವಾವೋ ರೊಸುವಾವೋ ಹೇಳಲಾರೆ. ಒಂದರ ಮೇಲೆ ತಯಾರಾದ ತಿಂಗಳಿದೆ, ಅವಧಿ ಮುಗಿಯುವ ತಿಂಗಳಿಲ್ಲ. ಮೂರರ ಮೇಲೆ ಬೆಳ್ಳಿ ಬಣ್ಣ ಬಿಟ್ಟು ಏನೂ ಇಲ್ಲ. ಉಳಿದದ್ದೊಂದು ಮಾತ್ರ ಸೆಟ್ರಿಜಿನ್ ಎಂದು ಪೂರ್ತಿ ಹೇಳುತ್ತಿದೆ. ಹೀಗೆ ಕತ್ತರಿಸಿ ಕೊಡುವವರು ನಮ್ಮಂಥ ಅಂಗಡಿಯವರೇ, ಹತ್ತು ಕೊಳ್ಳಲು ಕಷ್ಟ ಎನ್ನುವವರಿಗೆ ಮೂರು ಕೊಡುವಾಗ. ಅಜ್ಜಿ, ಇದನ್ನು ಹಾಗೇ ಇಟ್ಟುಕೊಳ್ಳಿ, ಬಿಸಾಡಬೇಡಿ. ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಜೊತೆ ಅಂಗಡಿಯವರೆಗೆ ಬರುತ್ತೇನೆ, ಬಿಲ್ಲು ತೆಗೆಸಿ ಒಂದೊಂದಕ್ಕೂ ಹೆಸರು ಬರೆಯೋಣ.